ಗುಡಿಸುವ ಮೊದಲು

ಮಧುವನಹಳ್ಳಿಯ ನಾಗಶ್ರೀ ಹನ್ನೆರಡು ವರ್ಷಗಳಿಂದ ಹನೂರಿನ ಗೃಹ ನಿರ್ಮಾಣ ಸಂಘವೊಂದರಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದಾಳೆ. ಕೆಲಸ ಕಾಯಂ ಆಗಲಿಲ್ಲ, ಕುತ್ತಿಗೆ ನೋವು ಮಾತ್ರ ಕಾಯಂ ಆಯಿತು. ಗುತ್ತಿಗೆಯ ನವೀಕರಣ ಮುಂದಿನ ತಿಂಗಳು.

ಆ ಸೋಮವಾರ ಕಂಪ್ಯೂಟರಿನ ಡಿಸ್ಕ್ ತುಂಬಿ, ಹೊಸ ಹೆಸರಿನ ಒಂದು ಸಾಲೂ ಒಳಗೆ ಹೋಗದಾಯಿತು. "ಸಂಜೆವೊಳ್ಗೆ ಕ್ಲೀನ್ ಮಾಡ್ಬುಡವ್ವ. ನಾಳೀಕೆ ಸೈಟಿನ ಪಟ್ಟಿ ಅಂಟುಸ್ಬೇಕು," ಎಂದು ಕಾರ್ಯದರ್ಶಿ ಶಿವಮಲ್ಲಪ್ಪ ಊಟಕ್ಕೆ ಹೋದರು. ಅಷ್ಟರಲ್ಲಿ ಕೌದಳ್ಳಿಯ ದೊಡ್ಡಮಾದಮ್ಮ ಕಿಟಕಿಗೆ ಬಂದು ನಿಂತಳು.

"ನನ್ನೆಸ್ರು ಪಟ್ಟೀಲಿ ಇಲ್ವಂತಲ್ಲವ್ವ?"

ಹುಡುಕಿದರೆ ನಿಜವಾಗಿಯೂ ಇರಲಿಲ್ಲ.

"ನಮ್ ಬೀದೀಲಿ ದೊಡ್ಡಮಾದಮ್ಮಂದಿರು ಮೂವರು ಕಣವ್ವ. ಸತ್ತೋದ್ಲು ಅಂತ ನನ್ನೆಸ್ರು ತೆಗ್ದವ್ರೇನೋ. ಸತ್ತೋಳು ಮೂಲೆ ಮನೆಯೋಳು. ನಾನು ಉಸ್ರಾಡ್ತಾ ಇವ್ನಿ, ನೋಡು."

"ಅರ್ಜಿ ಚೀಟಿ ಇದ್ದದಾ?"

"ಗೆದ್ಲು ತಿಂತು."

ಅವಳ ಅರ್ಜಿಗೆ ಉಳಿದಿದ್ದ ಒಂದೇ ಸಾಕ್ಷಿ, ಸಂಜೆಯೊಳಗೆ ಗುಡಿಸಿಹಾಕಬೇಕಾಗಿದ್ದ ಕಂಪ್ಯೂಟರಿನ ಕಸದಲ್ಲಿತ್ತು. ನಲವತ್ತು ವರ್ಷಗಳ ಹಿಂದೆ ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಸಂಘದ ದಾಖಲೆಗಳನ್ನಿಟ್ಟಿದ್ದ ಡೇಟಾಬೇಸ್ ತಂತ್ರಾಂಶವನ್ನು ಕಟ್ಟಿದವರು, ಹಳೆಯ ಸಾಲಿನ ಮೇಲೆ ಹೊಸದನ್ನು ಬರೆಯಲೇಬಾರದೆಂದು ತೀರ್ಮಾನಿಸಿದ್ದರೆಂದು ನಾಗಶ್ರೀ ತರಬೇತಿಯಲ್ಲಿ ಕೇಳಿದ್ದಳು. ತಿದ್ದಿದರೂ ಅಳಿಸಿದರೂ ಹಳೆಯದು ಕಣ್ಮರೆಯಾಗಿ ಡಿಸ್ಕಿನಲ್ಲೇ ಉಳಿಯುತ್ತದೆ. ಗುಡಿಸುವ ವ್ಯವಸ್ಥೆಯೊಂದು ಅದನ್ನೆಲ್ಲ ಬೇರೊಂದು ಉಗ್ರಾಣಕ್ಕೆ ಸಾಗಿಸಿ ಕಾಪಾಡಬೇಕೆಂಬುದು ಅವರ ಆಸೆಯಾಗಿತ್ತು. ಕಾಲಕ್ರಮೇಣ ಉಗ್ರಾಣ ಬಿಟ್ಟುಹೋಗಿ, ಗುಡಿಸುವುದಷ್ಟೇ ಉಳಿಯಿತು. ಈಗ ಗುಡಿಸಿದ ಜಾಗ ಹೊಸ ಸಾಲುಗಳ ಪಾಲು. ಹಳೆಯದು ಮರಳಿ ಸಿಗುವುದಿಲ್ಲ.

ನಾಗಶ್ರೀ ಮುದುಕಿಯ ಗಂಡನ ಹೆಸರು ಕೇಳಿಕೊಂಡು, ಗುಡಿಸುವುದನ್ನು ತಡೆಹಿಡಿದು ಅಳಿಸಿದ ಸಾಲುಗಳನ್ನು ತಡಕಿದಳು. ಮೂರು ಗಂಟೆಗೆ ಅವಳ ಸಾಲು ಸಿಕ್ಕಿತು: ಕೌದಳ್ಳಿ, ಅರ್ಜಿ ಸಂಖ್ಯೆ, ಗಂಡನ ಹೆಸರು. ಅದರ ಮರುಸಾಲಿನಲ್ಲಿ "ಮೃತ" ಎಂಬ ಷರಾ, ಬರೆದವರ ಸಂಕೇತ ಏಳು. ಏಳು ಎಂದರೆ ನಾಗಶ್ರೀಯೇ. ಯಾವುದೋ ದಣಿದ ಸಂಜೆ, ಗಂಡನ ಹೆಸರು ನೋಡದೆ, ಮೂಲೆ ಮನೆಯವಳ ಸಾವನ್ನು ಇವಳ ತಲೆಗೆ ಕಟ್ಟಿದ್ದಳು.

ಒಂದು ಗುಂಡಿ ಒತ್ತಿದರೆ ತಪ್ಪಿನ ಗುರುತೂ ಇಲ್ಲ, ಮುದುಕಿಯ ಸೈಟೂ ಇಲ್ಲ. ನಾಗಶ್ರೀ ಎರಡು ಸಾಲುಗಳನ್ನೂ ಪ್ರಿಂಟ್ ತೆಗೆದು, ಊಟ ಮುಗಿಸಿ ಬಂದಿದ್ದ ಶಿವಮಲ್ಲಪ್ಪನವರ ಮೇಜಿನ ಮೇಲಿಟ್ಟಳು.

"ಬದ್ಕಿರೋರ್ನ ಸಾಯ್ಸಿದ ಪುಣ್ಯಾತ್ಗಿತ್ತಿ ಯಾರಮ್ಮ?"

"ನಾನೇ ಸಾ."

ಅವರು ಕನ್ನಡಕ ತೆಗೆದು ಹಣೆ ತಿಕ್ಕಿಕೊಂಡರು. "ಅಂಗಂತ ಬರ್ದು ಸೈನ್ ಆಕು. ಅದಿಲ್ದೆ ಪಟ್ಟಿಗೆ ಸೇರ್ಸಕ್ಕಾಗಲ್ಲ. ಕಮಿಟಿಯೋರು ಮುಂದಿನ್ ತಿಂಗ್ಳು ಇದ್ನೇ ಇಡ್ಕತಾರೆ, ತಿಳ್ಕೋ."

ಅವಳು ಬರೆದು ಸಹಿ ಹಾಕಿದಳು.

"ನಿಂಗೇನಾರಾ ತೊಂದ್ರೆ ಆದದಾ ಮಗ?" ಕಿಟಕಿಯಾಚೆಯಿಂದ ದೊಡ್ಡಮಾದಮ್ಮ ಕೇಳಿದಳು.

"ಗೊತ್ತಿಲ್ಲವ್ವ. ಬಸ್ಸಿಗೊತ್ತಾಯ್ತು, ನಡೀರಿ."

ಗುಡಿಸುವ ಆಜ್ಞೆ ಕೊಟ್ಟು, ಅದು ಮುಗಿಯುವವರೆಗೆ ಕುತ್ತಿಗೆ ಹಿಡಿದುಕೊಂಡು ಕಾದಳು. ಜಾಗ ತೆರವಾದ ಮೇಲೆ ದೊಡ್ಡಮಾದಮ್ಮನ ಹೆಸರನ್ನು ಹೊಸದಾಗಿ ಸೇರಿಸಿದಳು. ಗಂಡನ ಹೆಸರನ್ನು ಎರಡು ಸಲ ಓದಿಕೊಂಡಳು.