ಮುಕಾಶನ ಕತ್ತಿನ ಎಡ ನಾಳ

ನಾರಿನ್ ಊರಿನ ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಕೂತಿದ್ದ ಡಾಕ್ಟರಮ್ಮ ಬುರುಲಳಿಗೆ ಕತ್ತಿನ ರಕ್ತನಾಳವೆಂದರೆ ದಲ್ಲಾಳಿಗೆ ಕುದುರೆಯ ಹಲ್ಲು ಇದ್ದಂತೆ; ನೋಡಿದೊಡನೆ ಬಾಳಿಕೆ ಎಷ್ಟೆಂದು ಗೊತ್ತಾಗುತ್ತಿತ್ತು. ನೋಡುವ ಮೊದಲೇ ಕೇಳಿ ಗೊತ್ತಾಗುತ್ತಿತ್ತು ಅನ್ನಿ. ಸರಾಗವಾಗಿ ಹರಿಯುವ ನೆತ್ತರು ಯಂತ್ರದಲ್ಲಿ ಒಂದೇ ಹದದ ಕುದುರೆ ನಡಿಗೆಯಂತೆ ಕೇಳಿಸುತ್ತದೆ. ಕೊಬ್ಬು ಕಟ್ಟಿ ನಾಳ ಕಿರಿದಾದ ಕಡೆ ಅದೇ ನೆತ್ತರು ಬಾಗಿಲ ಸಂದಿಯ ಗಾಳಿಯಂತೆ ಸಿಳ್ಳೆ ಹಾಕುತ್ತದೆ. ಅಲ್ಲಿಂದ ಮುಂದೆ ದಿಕ್ಕುಗೆಟ್ಟು ಸುಳಿ ಸುತ್ತುತ್ತದೆ, ತೆರೆಯ ಮೇಲೆ ಕೆಂಪು, ನೀಲಿ, ಹಳದಿ ಎಲ್ಲ ಕಲಸಿಹೋಗುತ್ತವೆ.

ಕೆಟ್ಟ ಸುದ್ದಿಯನ್ನು ರೋಗಿಯ ಮುಖಕ್ಕೆ ಹೇಳುವುದು ಅಲ್ಲಿನ ರೂಢಿಯಲ್ಲ. ಮನೆತನದ ಹಿರಿಯನಿಗೆ ಹೇಳಬೇಕು; ಅವನು ಹೊತ್ತು ನೋಡಿ ತಿಳಿಸುತ್ತಾನೆ. ಅವನು 'ತಿಳಿಸಿದೆ' ಅನ್ನುವವರೆಗೆ ಬೇರೆ ಯಾರೂ ಬಾಯಿ ಬಿಡುವಂತಿಲ್ಲ, ಹೆಂಡತಿಯಂತೂ ಇಲ್ಲವೇ ಇಲ್ಲ. ಹಾಗಾಗಿ ಸಿಳ್ಳೆ ಕೇಳಿಸಿದೊಡನೆ ಬುರುಲ್ ಯಂತ್ರದ ಸದ್ದು ಅಡಗಿಸಿಬಿಡುತ್ತಿದ್ದಳು. ಸದ್ದು ನಿಂತರೆ ಏನರ್ಥವೆಂದು ಊರಿಗೆಲ್ಲ ಎಂದೋ ತಿಳಿದಿತ್ತು; ಹಾಗೆ ತಿಳಿದಿದೆ ಎನ್ನುವುದು ಅವಳೊಬ್ಬಳಿಗೆ ಗೊತ್ತಿರಲಿಲ್ಲ.

ಆ ವಸಂತದಲ್ಲಿ ಅವಳ ಗಂಡ, ಲಾರಿ ಓಡಿಸುವ ಮುಕಾಶನೇ ಆ ಕೋಣೆಯ ಮಂಚದ ಮೇಲೆ ಮಲಗಿದ. ಒಂದೇ ವಾರದಲ್ಲಿ ಎರಡು ಸಲ ಅವನ ಎಡಗಣ್ಣು ನಿಮಿಷದ ಮಟ್ಟಿಗೆ ಕತ್ತಲಾಗಿತ್ತು, ಬಲಗೈಯಿಂದ ಚಹಾದ ಬಟ್ಟಲು ಜಾರಿತ್ತು.

"ಅಬ್ಬಾ, ಏನ್ ತಣ್ಣಗಿದೆ! ಮಂಜು ಸವರ್ತಿದೀಯೇನೇ?"

"ಜೆಲ್ಲು ರೀ. ಸುಮ್ನೆ ಮಲಗಿ."

"ಮೂವತ್ತು ವರ್ಷದಿಂದ ನನ್ ಕತ್ತು ನಿನ್ ಕೈಲೇ ಇದೆ. ಇವತ್ತು ನೋಡು, ಚೀಟಿ ಬರೆಸ್ಕೊಂಡು ಬರ್ಬೇಕಾಯ್ತು."

ಬಲಭಾಗ ಚೆನ್ನಾಗಿತ್ತು. ಎಡಕ್ಕೆ ಬಂದಾಗ ಸಿಳ್ಳೆ. ಬುರುಲಳ ಬೆರಳು ತಾನಾಗಿಯೇ ಗುಂಡಿ ಒತ್ತಿತು.

"ಯಾಕೆ ಸದ್ದು ನಿಲ್ಲಿಸ್ದೆ?"

"ಹಳೇ ಯಂತ್ರ. ಹಂಗೇ ಮಾಡುತ್ತೆ."

"ಹೂಂ," ಎಂದ ಮುಕಾಶ್.

ಅವಳು ಸೀದಾ ಗಂಡನ ಅಣ್ಣ ಸಾಮುದಿನ್ ಮನೆಗೆ ಹೋದಳು. "ಭಾವ, ಮುಕ್ಕಾಲಿಗಿಂತ ಹೆಚ್ಚು ಮುಚ್ಚಿದೆ. ಎರಡು ವಾರದೊಳಗೆ ಬಿಷ್ಕೆಕ್ಕಿನ ದೊಡ್ಡಾಸ್ಪತ್ರೇಲಿ ಆಪರೇಷನ್ ಆಗ್ಬೇಕು. ನೀವು ಒಂದು ಮಾತು ಹೇಳಿಬಿಡಿ, ನಾಳೆನೇ ಕರ್ಕೊಂಡು ಹೋಗ್ತೀನಿ."

ಸಾಮುದಿನ್ ಟೋಪಿಯೊಳಗೆ ಬೆರಳಾಡಿಸಿದ. ಅವರ ಅಪ್ಪ ತೀರಿಕೊಂಡು ವರ್ಷ ತುಂಬುವ ದಿನದ ದೊಡ್ಡ ಊಟಕ್ಕೆ ಇನ್ನು ಮೂರೇ ವಾರ. ಕಣಿವೆಗೆಲ್ಲ ಕರೆ ಹೋಗಿತ್ತು; ಕೊಯ್ಯುವ ಕುದುರೆ ಆರಿಸುವುದರಿಂದ ಹಿಡಿದು ಎಲ್ಲ ಮುಕಾಶನ ಮೇಲೆಯೇ ಇತ್ತು.

"ಹೇಳ್ತೀನಮ್ಮ. ನೀನು ಮಾತ್ರ ಬಾಯಿ ಬಿಡ್ಬೇಡ."

ದಿನಕ್ಕೊಮ್ಮೆ ಹೋಗಿ ಕೇಳಿದಳು. "ಹೊತ್ತು ನೋಡ್ತಿದೀನಿ" ಎನ್ನುವುದೊಂದೇ ಉತ್ತರ. ಅವಳು ಗಂಡನಿಗೆ ಶಕ್ತಿಯ ಮಾತ್ರೆಯೆಂದು ನೆತ್ತರು ತೆಳುವಾಗುವ ಮಾತ್ರೆ ಕೊಟ್ಟಳು. ಅವನು ಮರುಮಾತಿಲ್ಲದೆ ನುಂಗಿದ. ಸಂತೆಯಲ್ಲಿ ಈರುಳ್ಳಿಯನ್ನೂ ನಾಲ್ಕು ಸಲ ಮೂಸಿ ಕೊಳ್ಳುವ ಮನುಷ್ಯ ಅವನು. ಆಗಲಾದರೂ ಅವಳಿಗೆ ಹೊಳೆಯಬೇಕಿತ್ತು.

ಊಟದ ದಿನ ಅತಿಥಿಗಳ ಮುಂದೆ ಮಾಂಸದ ತಟ್ಟೆ ಇಡಲು ಬಗ್ಗಿದ ಮುಕಾಶ್ ಮತ್ತೆ ಏಳಲಿಲ್ಲ. ಜೀವ ಉಳಿಯಿತು. ಬಲಗಡೆಯ ಕೈಕಾಲು ಹೋದವು, ಮಾತು ಹೋಯಿತು.

"ನೀವು ಯಾಕೆ ಹೇಳ್ಲಿಲ್ಲ ಭಾವ?" ಆಸ್ಪತ್ರೆಯ ಮೊಗಸಾಲೆಯಲ್ಲಿ ಬುರುಲ್ ಕೇಳಿದಳು.

ಸಾಮುದಿನ್ ನೆಲ ನೋಡಿದ. "ಮಾರನೇ ದಿನವೇ ಹೇಳಿದ್ನಮ್ಮ. ಅವನೇ ತಡೆದ. 'ಹೇಳಿದೆ ಅಂತ ಅವಳಿಗೆ ಹೇಳ್ಬೇಡಣ್ಣ. ಅವಳ ಬಾಯಿ ಬಿಚ್ಚಿದ್ರೆ ಅವತ್ತೇ ನನ್ನ ಬಿಷ್ಕೆಕ್ಕಿಗೆ ಎಳ್ಕೊಂಡು ಹೋಗ್ತಾಳೆ. ಅಪ್ಪನ ಊಟ ಮುಗೀಲಿ, ಅಲ್ಲೀವರೆಗೆ ನಂಗೇನೂ ಗೊತ್ತಿಲ್ಲ' ಅಂದ."

ಅವಳ ಬಾಯಿ ಕಟ್ಟಿದ ರೂಢಿಯ ಹಿಂದೆಯೇ ಗಂಡ ಅಡಗಿ ಕೂತಿದ್ದ. ಒಂದೇ ಹಾಸಿಗೆಯಲ್ಲಿ ಮೂರು ವಾರ, ಇಬ್ಬರಿಗೂ ಎಲ್ಲ ಗೊತ್ತಿತ್ತು.

ತಿಂಗಳ ಮೇಲೆ ಮುಕಾಶನಿಗೆ ಒಂದು ಮಾತು ಮರಳಿತು, ಒಂದೇ ಒಂದು. ಚಹಾ ಬೇಕಾ ಎಂದರೂ 'ಇರ್ಲಿ', ನೋಯುತ್ತಾ ಎಂದರೂ 'ಇರ್ಲಿ'.

ಒಂದು ಮಧ್ಯಾಹ್ನ ಅವಳು ಹಾಸಿಗೆಯ ಪಕ್ಕ ಕೂತು, ಅಂದು ತೆರೆಯ ಮೇಲೆ ಕಂಡದ್ದನ್ನೆಲ್ಲ ಅವನ ಮುಖ ನೋಡಿಕೊಂಡೇ ಹೇಳಿದಳು. ನಾಳ ಎಲ್ಲಿ ಕಿರಿದಾಗಿತ್ತು, ನೆತ್ತರು ಎಲ್ಲಿ ಸುಳಿ ಸುತ್ತುತ್ತಿತ್ತು, ಎಷ್ಟು ದಿನ ಉಳಿದಿದ್ದವು, ಎಲ್ಲ.

"ನಾನೇ ಅವತ್ತೇ ಬಾಯಿ ಬಿಡ್ಬೇಕಿತ್ತು ರೀ. ರೂಢಿ ಹಾಳಾಗ್ಲಿ, ಬಿಡ್ಬೇಕಿತ್ತು."

ಅವನು ಎಡಗೈಯಿಂದ ಅವಳ ಮಣಿಕಟ್ಟು ಹಿಡಿದ. "ಇರ್ಲಿ."

"ಇರ್ಲಿ ಅಂತೆ!" ಎಂದು ಬೈದಳು. ಬಟ್ಟಲು ಎತ್ತಿ ಒಂದು ಚಮಚ ಸಾರು ಅವನ ಬಾಯಿಗಿಟ್ಟಳು. ಅರ್ಧ ಬಲಗಡೆಯಿಂದ ಸೋರಿತು. ಒರೆಸಿ, ಇನ್ನೊಂದು ಚಮಚ ತುಂಬಿದಳು.