ಒರಳನ್ನು ಕೇಳಿದರು, ಅವರನ್ನು ಕರೆಯಲಿಲ್ಲ

ಕಳೆದ ಭಾನುವಾರ ನೀವೆಲ್ಲ ಸೇರಿ ನನ್ನನ್ನು ಜಯನಗರದ ಹೋಟೆಲಿಗೆ ಕರೆದುಕೊಂಡು ಹೋದಿರಲ್ಲ, ಅಲ್ಲಿ ಕೈ ತೊಳೆಯುವ ಜಾಗದ ಪಕ್ಕ ಗೋಡೆಗೆ ಒಂದು ಹಳೆಯ ಶಾವಿಗೆ ಒರಳು ನೇತುಹಾಕಿದ್ದರು. ಹಲಸಿನ ಮರದ್ದು. ಅದರ ಮೇಲೊಂದು ಪುಟ್ಟ ದೀಪ. ನೀವು ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಂಡಿರಿ. ನಾನು ಅದರ ಹೊಟ್ಟೆಯೊಳಗೆ ಇಣುಕಿದೆ. ಹಿಟ್ಟು ಎಳೆ ಎಳೆಯಾಗಿ ಇಳಿಯಲು ತೂತು ಕೊರೆದ ಹಿತ್ತಾಳೆ ಬಿಲ್ಲೆ ಇರಬೇಕಿತ್ತು. ಇರಲಿಲ್ಲ...

ಆಮೇಲೆ ಎಲೆಗೆ ಒತ್ತು ಶಾವಿಗೆ, ಕಾಯಿಹಾಲು ಬಂತು. ಆರಿಹೋಗಿತ್ತು. ಆದರೂ ನೀವು ಎರಡೆರಡು ಸಲ ಹಾಕಿಸಿಕೊಂಡಿರಿ. "ಬೇರೆ ಊರಿನವರಿಗೆ ಇದರ ಹೆಸರೇ ಗೊತ್ತಿಲ್ಲ ಅಜ್ಜಿ, ಪಾಪ, ಎಷ್ಟು ಮಿಸ್ ಮಾಡ್ಕೊಳ್ತಿದಾರೆ," ಅಂದ ನಿಮ್ಮಲ್ಲಿ ಚಿಕ್ಕವನು. ನಾನು ಹೂಂ ಅಂದೆ. ನನಗೆ ನೆನಪಾದವರು ಬೇರೆ ಊರಿನವರಲ್ಲ. ಸಾರಕ್ಕಿಯ ನಮ್ಮ ಹಳೇ ಮನೆಯ ಗೋಡೆಗೆ ಗೋಡೆ ತಾಗಿದ್ದ ಮನೆಯ ದೊಡ್ಡಮ್ಮ.

ನಾನು ಮದುವೆಯಾಗಿ ಬಂದಾಗ ಸಾರಕ್ಕಿ ಇನ್ನೂ ಹಳ್ಳಿಯೇ. ಬೀದಿಗೆಲ್ಲ ಒಂದೇ ಶಾವಿಗೆ ಒರಳು, ಅದು ದೊಡ್ಡಮ್ಮನದು. ಅವರ ಯಜಮಾನರು ಆಚಾರಿಯನ್ನು ಮನೆಯಲ್ಲೇ ಕೂರಿಸಿಕೊಂಡು ಮಾಡಿಸಿದ್ದಂತೆ. ಅಕ್ಕಿಹಿಟ್ಟು ತೊಳಸಿ, ಉಂಡೆ ಕಟ್ಟಿ, ಕುದಿಯುವ ನೀರಿಗೆ ಬಿಟ್ಟು, ಉಂಡೆ ತೇಲಿದ ಕೂಡಲೇ ತೆಗೆದು ಒರಳಿಗೆ ಹಾಕಬೇಕು. ಸ್ವಲ್ಪ ಆರಿದರೂ ಇಳಿಯುವುದಿಲ್ಲ. ಸುಡುವ ಉಂಡೆಯನ್ನು ದೊಡ್ಡಮ್ಮ ಬರಿಗೈಯಲ್ಲಿ ಎತ್ತುತ್ತಿದ್ದರು. ಒತ್ತುವ ಮರದ ಮೇಲೆ ಮೈಭಾರ ಬಿಟ್ಟು, ಕೆಳಗೆ ತಟ್ಟೆ ಹಿಡಿದ ನನಗೆ, "ತಿರುಗ್ಸು ಮಗ, ತಿರುಗ್ಸು, ಗಂಡನ ಮುಖ ಆಮೇಲೆ ನೆನಸ್ಕೊಳ್ಳುವಂತೆ," ಅನ್ನುತ್ತಿದ್ದರು. ನಾನು ನಾಚಿ ತಟ್ಟೆ ಓರೆ ಮಾಡಿದರೆ ಬಿದ್ದು ಬಿದ್ದು ನಗುತ್ತಿದ್ದರು. ಆ ಎಳೆಗಳ ಮೇಲೆ ಗಸಗಸೆ, ಏಲಕ್ಕಿ, ಬೆಲ್ಲ ಹಾಕಿದ ಕಾಯಿಹಾಲು... ಆ ಬಿಸಿಯಲ್ಲೇ ತಿನ್ನಬೇಕು. ಅದನ್ನು ಬರೆದು ತಿಳಿಸಲು ನನಗೆ ಬರುವುದಿಲ್ಲ.

ನಮ್ಮ ಬೀದಿಯಲ್ಲಿ ಒಂದು ಪದ್ಧತಿ ಇತ್ತು. ಹೊಸ ಅಳಿಯನ ಮೊದಲ ಊಟ ಒತ್ತು ಶಾವಿಗೆಯದೇ ಆಗಬೇಕು, ಅದನ್ನು ಮುತ್ತೈದೆಯರೇ ಒತ್ತಬೇಕು. ಒರಳನ್ನು ಹಿಂದಿರುಗಿಸುವಾಗ ಬರಿದಾಗಿ ಕೊಡಬಾರದು, ಜೊತೆಗೆ ಒಂದು ತಟ್ಟೆ ಶಾವಿಗೆ ಕೊಡಬೇಕು.

ನನ್ನ ನಾದಿನಿಯ ಮದುವೆಯ ಹೊತ್ತಿಗೆ ದೊಡ್ಡಮ್ಮನ ಯಜಮಾನರು ತೀರಿಕೊಂಡು ಒಂದು ವರ್ಷವಾಗಿತ್ತು. ನಾದಿನಿ ಅವರ ತೊಡೆಯ ಮೇಲೆ ಬೆಳೆದವಳು. ಅಳಿಯ ಬರುವ ದಿನ ನನ್ನ ಅತ್ತೆ, "ಹೋಗಿ ಒರಳು ಇಸ್ಕೊಂಡು ಬಾ," ಅಂದರು. ನಾನು, "ದೊಡ್ಡಮ್ಮನ್ನ?" ಅಂದೆ. ಅತ್ತೆ ಅಕ್ಕಿಹಿಟ್ಟಿನ ಮೊರ ಎತ್ತಿಕೊಂಡು ಒಳಗೆ ಹೋದರು.

ಅವರ ಮನೆಗೆ ಹೋದೆ. ಒರಳಿಗೆ ಎಣ್ಣೆ ಸವರಿ ಬಾಗಿಲ ಬಳಿ ಇಟ್ಟಿದ್ದರು. ಅವರೂ ತಲೆ ಬಾಚಿ, ಒಗೆದ ಸೀರೆ ಉಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದರು. ನಾನು ಹೊಸ್ತಿಲಲ್ಲೇ ನಿಂತೆ. ನನ್ನ ಮುಖ ನೋಡಿ ಅವರಿಗೆ ಅರ್ಥವಾಯಿತು. ಸಿಕ್ಕಿಸಿದ ಸೆರಗನ್ನು ಬಿಡಿಸಿಕೊಂಡರು. "ಹುಷಾರಾಗಿ ಎತ್ಕೊಂಡೋಗು, ಭಾರ," ಅಂದರು. ಅಷ್ಟೇ.

ಆ ದಿನ ಶಾವಿಗೆ ತುಂಡು ತುಂಡಾಗಿ ಬಿತ್ತು. ಅಳಿಯ ಪಾಪ, ಅದನ್ನೇ ಹೊಗಳಿ ತಿಂದ. ಸಂಜೆ ನಾನು ಒರಳು, ತಟ್ಟೆ ಎರಡನ್ನೂ ಹೊತ್ತು ಮತ್ತೆ ದೊಡ್ಡಮ್ಮನ ಮನೆಗೆ ಹೋದೆ. ಅವರು ತಟ್ಟೆಯ ಮೇಲಿನ ಎಲೆ ಸರಿಸಿ ನೋಡಿದರು.

"ಈ ಒರಳು ಮಾಡ್ಸಿದ್ದು ನಮ್ಮೋರು. ಅವರು ಹೋದ್ಮೇಲೆ ಇದೂ ಮುಂಡೆಯೇ ಅಲ್ವೇನೇ? ನಿಮ್ಮತ್ತೆನ ಕೇಳು, ಇದನ್ನ ಹೆಂಗೆ ಒಳಗೆ ಬಿಟ್ಕೊಂಡ್ರು ಅಂತ."

ನಾನು ಕೇಳಲಿಲ್ಲ. ಹೊಸ ಸೊಸೆ ಕೇಳುವ ಮಾತಲ್ಲ ಅದು. ಆ ತಟ್ಟೆಯನ್ನು ಅವರು ಹಸುವಿನ ಮುಂದಿಟ್ಟರು.

ಆಮೇಲೆ ಬೀದಿಯಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ, ಯಾರು ಒರಳು ಕೇಳಿದರೂ ದೊಡ್ಡಮ್ಮ ಒಂದೇ ಮಾತು ಹೇಳುತ್ತಿದ್ದರು. "ಬಿಲ್ಲೆ ಕಳೆದೋಗಿದೆ." ಬಿಲ್ಲೆ ಅವರ ಕಿಟಕಿಯಲ್ಲಿ, ಹುಣಸೆಹಣ್ಣು ಹಾಕಿ ಉಜ್ಜಿ ಫಳಫಳ ಹೊಳೆಯುತ್ತಾ ಇರುತ್ತಿತ್ತು. ಹೋಗುವವರು ಬರುವವರು ಎಲ್ಲರೂ ನೋಡುತ್ತಿದ್ದರು. ನೀವೇ ಬಂದು ಒತ್ತಿಕೊಡಿ ಎಂದು ಒಬ್ಬರಾದರೂ ಕೇಳಿದ್ದರೆ ಬಿಲ್ಲೆ ಸಿಕ್ಕುತ್ತಿತ್ತು. ಯಾರೂ ಕೇಳಲಿಲ್ಲ. ಅಳಿಯಂದಿರಿಗೆ ಪಾಯಸ ಸಾಕು ಅಂದುಕೊಂಡರು. ದೊಡ್ಡಮ್ಮ ತಮಗಾಗಿಯೂ ಒತ್ತಿಕೊಳ್ಳಲಿಲ್ಲ. ಅದು ಒಬ್ಬರು ಮಾಡುವ ಅಡುಗೆಯಲ್ಲ, ಒತ್ತುವವರೊಬ್ಬರು, ತಟ್ಟೆ ತಿರುಗಿಸುವವರೊಬ್ಬರು ಬೇಕು.

ಜಮೀನೆಲ್ಲ ಸೈಟುಗಳಾದ ಮೇಲೆ ಅವರು ಹುಳಿಮಾವಿನಲ್ಲಿದ್ದ ಮಗಳ ಮನೆಗೆ ಹೊರಟುಹೋದರು. ಅಲ್ಲೇ ತೀರಿಕೊಂಡರಂತೆ. ನಮಗೆ ತಿಳಿಯುವಷ್ಟರಲ್ಲಿ ತಿಥಿಯೂ ಮುಗಿದಿತ್ತು. ಒರಳು ಏನಾಯಿತೋ... ಹೋಟೆಲಿನ ಗೋಡೆಯಲ್ಲಿದ್ದದ್ದು ಅವರದೇ ಇರಲಾರದು. ಆದರೂ ಅದನ್ನು ಮುಟ್ಟಿ ನೋಡಿದೆ. ಎಣ್ಣೆ ಕಂಡು ಎಷ್ಟು ಕಾಲವಾಗಿತ್ತೋ, ಬಾಯಿ ಬಿರುಕು ಬಿಟ್ಟಿತ್ತು.

ಊಟ ಮುಗಿಯುವಾಗ ನಿಮ್ಮಮ್ಮ, "ಮದುವೆ ಆದ್ಮೇಲೆ ಅಳಿಯಂದ್ರ ಊಟಕ್ಕೆ ಇಲ್ಲಿಂದ್ಲೇ ತರಿಸಿಬಿಡೋಣ," ಅಂದಳು. ಮುಂದಿನ ತಿಂಗಳು ನಿಮ್ಮಲ್ಲಿ ದೊಡ್ಡವಳ ಮದುವೆ. ನಾನು ಮೆಲ್ಲಗೆ, "ಮನೇಲಿ ಹಿತ್ತಾಳೆ ಒರಳಿದೆ, ನಾನೇ ಒತ್ತಿಕೊಡ್ತೀನಿ," ಅಂದೆ. ನಿಮ್ಮಮ್ಮ ನಿಮ್ಮಪ್ಪನ ಮುಖ ನೋಡಿದಳು. ಅವನು ಲೋಟ ನೋಡಿದ. "ಬೇಡ ಅತ್ತೆ, ನಿಮಗೆ ಮಂಡಿ ನೋವು. ಆರಾಮಾಗಿ ಕೂತ್ಕೊಳ್ಳಿ," ಅಂದಳು ಸೊಸೆ.

ನಿಮ್ಮ ತಾತ ಈಗಿಲ್ಲವಲ್ಲ, ನಿಶ್ಚಿತಾರ್ಥದ ದಿನವೂ ಹಾಗೆಯೇ ಆಯಿತು. ಆರತಿ ತಟ್ಟೆಗೆ ಎಲ್ಲರನ್ನೂ ಕರೆದರು, ನನಗೆ ಕುರ್ಚಿ ಹಾಕಿದರು. ಈಗ ಯಾರೂ ಆ ಹಳೆಯ ಮಾತು ಆಡುವುದಿಲ್ಲ. ಮಂಡಿ ನೋವು ಅನ್ನುತ್ತಾರೆ.

ಬಾಯಿಬಿಟ್ಟು ಹೇಳಲು ಬಾರದು, ಅದಕ್ಕೇ ಬರೆದಿಟ್ಟಿದ್ದೇನೆ. ದೊಡ್ಡಮ್ಮನನ್ನು ಇನ್ನು ಯಾರೂ ಕರೆಯಲಾರರು, ಆ ಕಾಲ ಹೋಯಿತು. ನಮ್ಮ ಹಿತ್ತಾಳೆ ಒರಳಿನ ಬಿಲ್ಲೆಯನ್ನು ನಿನ್ನೆ ಹುಣಸೆಹಣ್ಣು ಹಾಕಿ ಉಜ್ಜಿ ಕಿಟಕಿಯಲ್ಲಿ ಇಟ್ಟಿದ್ದೇನೆ. ಕಳೆದುಹೋಗಿಲ್ಲ.

ನನಗೆ ಮಂಡಿ ನೋವಿಲ್ಲ ಮಕ್ಕಳೇ. ಯಾವತ್ತೂ ಇರಲಿಲ್ಲ.