ಖುದ್ದು ಕರೆಯಬೇಕಾದವರ ಪಟ್ಟಿ

ಮೊನ್ನೆ ಮಧ್ಯಾಹ್ನ ನನ್ನ ಮಗಳು ಲ್ಯಾಪ್‌ಟಾಪಿನ ಮುಂದೆ ಕುಳಿತು, ನಾನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕಣ್ಣೆದುರಿಗಿದ್ದರೂ ಮುಟ್ಟದ ಒಂದು ಕೀಲಿಯನ್ನು ಒತ್ತಿದಳು. ಕೀಲಿಮಣೆಯ ಎಡಮೂಲೆಯಲ್ಲಿ, ಚಕ್ಕುಲಿಯ ಮುರುಕಿನ ಹಾಗೆ ಬಳುಕಿದ ಒಂದು ಸಣ್ಣ ಗೆರೆ ಇರುತ್ತದಲ್ಲ, ಅದು. ನಮ್ಮ ಹೊಸ ಮನೆಯ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ಕರೆಯಬೇಕಾದವರ ಪಟ್ಟಿ ತಯಾರಾಗುತ್ತಿತ್ತು. ಖುದ್ದು ಮನೆಗೆ ಹೋಗಿ ಕರೆಯಬೇಕಾದವರಿಗೆ ನಕ್ಷತ್ರ, ಪೋಸ್ಟಿನಲ್ಲಿ ಸುದ್ದಿ ಮುಟ್ಟಿಸಿದರೆ ಸಾಕು ಎನ್ನುವವರಿಗೆ ‘ಪಿ’, ಕರೆಯಬೇಕೋ ಬೇಡವೋ ಎಂದು ಹೊಟ್ಟೆಯೊಳಗೆ ಜಗಳ ಇರುವವರಿಗೆ ಪ್ರಶ್ನೆಚಿಹ್ನೆ. ಇದು ನಮ್ಮ ಮನೆತನದ ಹಳೆಯ ಕ್ರಮ. ನಕ್ಷತ್ರದವರನ್ನು ಮಾತ್ರ ಬೇರೆ ತೆಗೆದುಕೊಡು ಎಂದು ನಾನು ಹೇಳಿದ್ದೆ.

“ಬರೀ ನಕ್ಷತ್ರ ಹಾಕಿ ಹುಡುಕಿದ್ರೆ ಎಲ್ಲರೂ ಬರ್ತಾರೆ ಅಮ್ಮ. ಅದರ ಮುಂದೆ ಇದೊಂದು ಗೆರೆ ಹಾಕಿದ್ರೆ ಮಾತ್ರ ನಕ್ಷತ್ರವನ್ನೇ ಹುಡುಕ್ತದೆ” ಎಂದಳು.

ಬರೀ ನಕ್ಷತ್ರ ಹಾಕಿ ಹುಡುಕಿದರೆ ಎಲ್ಲರೂ ಬರುತ್ತಾರೆ ಎಂಬುದು ನನಗಿಂತ ಚೆನ್ನಾಗಿ ಈ ತಾಲೂಕಿನಲ್ಲಿ ಯಾರಿಗೂ ಗೊತ್ತಿರಲಾರದು. ಎಲ್ಲರೂ ಬಂದಿದ್ದರು. ಎರಡನೇ ಪಂಕ್ತಿಗೇ ಪಾಯಸ ಮುಗಿದಿತ್ತು.

ಅದು ಎರಡು ಸಾವಿರದ ಇಸವಿ ಹುಟ್ಟಿದ ದಿನ ಕಂಪ್ಯೂಟರುಗಳೆಲ್ಲ ಕೆಟ್ಟು ಲೋಕವೇ ನಿಂತುಹೋಗುತ್ತದೆ ಎಂದು ಹೆದರಿಸಿ, ಕೊನೆಗೆ ಏನೂ ಆಗದೆ ಎಲ್ಲರಿಗೂ ತುಸು ನಿರಾಸೆಯಾಗಿದ್ದ ಕಾಲ. ಬಂಟ್ವಾಳ ಪೇಟೆಯಲ್ಲಿ ನನ್ನ ಸೋದರಮಾವನದ್ದೊಂದು ಪ್ರಿಂಟಿಂಗ್ ಪ್ರೆಸ್ಸು. ಸುತ್ತಲಿನ ಮದುವೆ, ಉಪನಯನ, ಉತ್ತರಕ್ರಿಯೆಗಳೆಲ್ಲ ಅವರ ಟ್ರೆಡಲ್ ಮೆಷಿನ್ನಿನ ಬಾಯಿಂದಲೇ ಹೊರಗೆ ಬರುತ್ತಿದ್ದವು. ನಾನು ಬಿ.ಸಿ. ರೋಡಿನಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತು, ಒಂದು ಸರ್ಟಿಫಿಕೇಟಿಗೆ ಫ್ರೇಮು ಹಾಕಿಸಿ, ಅಲ್ಲಿ ಕೆಲಸಕ್ಕೆ ಸೇರಿದ್ದೆ. ಹೊಸ ಕಂಪ್ಯೂಟರಿಗೆ ಮಾಮಿ ಹೊಲಿದ ಹೂವಿನ ಚಿತ್ರದ ಗವುಸು, ಅದರ ಎದುರು ನಾನು. ಗವುಸು ತೆಗೆಯುವ ಹಕ್ಕು ನನ್ನೊಬ್ಬಳಿಗೇ ಇತ್ತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಹಗಲಿನಲ್ಲೇ ಹಿಡಿದಿದ್ದೆ.

ಪ್ರೆಸ್ಸಿನ ಇನ್ನೊಂದು ಮೂಲೆಯಲ್ಲಿ ಹಸನಬ್ಬ ಕಾಕ ಅಚ್ಚುಮೊಳೆ ಜೋಡಿಸುತ್ತಿದ್ದರು. ಮೂವತ್ತು ವರ್ಷದ ಕೈ. ಇಂಗ್ಲಿಷ್ ಭಾಷೆ ಅವರಿಗೆ ಬಾರದು, ಆದರೆ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದಾಗಿ, ತಲೆಕೆಳಗಾಗಿ, ಎಷ್ಟು ಸಣ್ಣದಿದ್ದರೂ ತಪ್ಪಿಲ್ಲದೆ ಜೋಡಿಸುತ್ತಿದ್ದರು. ಸಣ್ಣ ಅಕ್ಷರವನ್ನು ಬಿಟ್ಟು ಓದುವವರನ್ನು ಕಂಡರೆ ಅವರಿಗೆ ಆಗದು. ನನ್ನನ್ನು ಕಂಡರೂ ಅಷ್ಟಕ್ಕಷ್ಟೇ.

ಮಾವನ ಮಗಳ ಮದುವೆ ನಿಶ್ಚಯವಾಯಿತು. ಮಾವ ದಪ್ಪ ನೋಟ್‌ಬುಕ್ಕಿನಲ್ಲಿ ಪಟ್ಟಿ ಬರೆದರು. ಮುನ್ನೂರಕ್ಕೂ ಮೇಲೆ ಮನೆಗಳು. ನಕ್ಷತ್ರ ಹಾಕಿದವು ತೊಂಬತ್ತೋ ಏನೋ. ಕೊನೆಯ ಸಾಲಿನಲ್ಲಿ ತನ್ನದೇ ಹೆಸರು ಬರೆದು, ನೆನಪಿಗೆ ಇಡಲಿಕ್ಕೆ ಐದು ಕಾರ್ಡು ಎಂದು ‘ಸ್ವ’ ಅಂದರೆ ಸ್ವಂತಕ್ಕೆ ಎಂಬ ಗುರುತು ಹಾಕಿದ್ದರು. ಪ್ರೆಸ್ಸಿನವರಿಗೆ ಕಾಗದದ ಲೆಕ್ಕ ತಪ್ಪಬಾರದು ನೋಡಿ. ಇಡೀ ಪಟ್ಟಿಯಲ್ಲಿ ಪ್ರಶ್ನೆಚಿಹ್ನೆ ಇದ್ದದ್ದು ಒಂದೇ ಒಂದು ಹೆಸರಿಗೆ. ಅದು ವೇಣೂರಿನ ದೊಡ್ಡಮ್ಮನದ್ದು. ಮಾವನ ಸ್ವಂತ ದೊಡ್ಡಕ್ಕ, ನನ್ನ ಅಮ್ಮನಿಗೂ ಅಕ್ಕ.

ಜಗಳದ ಕಥೆ ಹೇಳಿದರೆ ನೀವು ನಗುತ್ತೀರಿ. ಏಳು ವರ್ಷದ ಹಿಂದೆ ದೊಡ್ಡಮ್ಮನ ಮಗನ ಮದುವೆಗೆ ಮಾವನಿಗೆ ಕರೆ ಬಂದದ್ದು ಬಸ್ಸಿನ ಕಂಡಕ್ಟರನ ಕೈಯಲ್ಲಿ. ನಮ್ಮ ಕಡೆ ಕಂಡಕ್ಟರನ ಕೈಯಲ್ಲಿ ಏನೇನೋ ಹೋಗುತ್ತದೆ: ಬಾಳೆನಾರಿನಲ್ಲಿ ಕಟ್ಟಿದ ಮಲ್ಲಿಗೆ ಅಟ್ಟೆ, ಕಷಾಯದ ಬೇರು, ಮರೆತುಹೋದ ಬೀಗದ ಕೈ, ಒಮ್ಮೆ ನನ್ನ ಕಣ್ಣೆದುರೇ ಯಾರದ್ದೋ ಹಲ್ಲಿನ ಸೆಟ್ಟು. ಆದರೆ ಮದುವೆಯ ಕರೆ ಹಾಗೆ ಹೋಗಬಾರದು. ಅದೂ ಒಡಹುಟ್ಟಿದ ತಮ್ಮನಿಗೆ. ಆ ಕಂಡಕ್ಟರ್ ಬಸ್ಸನ್ನು ನಿಲ್ಲಿಸಲೂ ಇಲ್ಲ, ಸ್ವಲ್ಪ ನಿಧಾನ ಮಾಡಿಸಿ ಲಕೋಟೆಯನ್ನು ಪ್ರೆಸ್ಸಿನ ಜಗಲಿಗೆ ಎಸೆದು ರೈಟ್ ಎಂದನಂತೆ. ಮಾವ ಲಕೋಟೆ ಒಡೆದು ನೋಡಿದರೆ ಕಾರ್ಡು ಮೂಡುಬಿದಿರೆಯ ಬೇರೊಂದು ಪ್ರೆಸ್ಸಿನಲ್ಲಿ ಅಚ್ಚಾಗಿತ್ತು. ಕಂಡಕ್ಟರನನ್ನು ಅವರು ಕ್ಷಮಿಸುತ್ತಿದ್ದರೋ ಏನೋ. ಆ ಅಚ್ಚನ್ನು ಕ್ಷಮಿಸಲಿಲ್ಲ. ಮದುವೆಗೆ ಹೋಗಲಿಲ್ಲ. ಆಮೇಲೆ ದೊಡ್ಡಮ್ಮನೂ ಬರಲಿಲ್ಲ. ಮಾತು ನಿಂತಿತು.

ನಡುವೆ ಸಿಕ್ಕಿ ಒದ್ದಾಡಿದ್ದು ನನ್ನ ಅಮ್ಮ. ಅಕ್ಕನ ಮನೆಗೆ ಹೋದರೆ ತಮ್ಮನ ಸುದ್ದಿ ಎತ್ತುವಂತಿಲ್ಲ, ತಮ್ಮನ ಮನೆಗೆ ಬಂದರೆ ಅಕ್ಕನ ಉಪ್ಪಿನಕಾಯಿಯನ್ನೂ ಹೊಗಳುವಂತಿಲ್ಲ. ಈ ಮದುವೆಯಲ್ಲಿ ಇಬ್ಬರ ನಡುವೆ ಕುಳಿತು ಒಂದು ಊಟ ಮಾಡಬೇಕು ಎಂಬುದು ಅವಳ ಆಸೆಯಾಗಿತ್ತು. ನೋಟ್‌ಬುಕ್ಕಿನಲ್ಲಿ ಆ ಪ್ರಶ್ನೆಚಿಹ್ನೆ ನೋಡಿದ ದಿನ ಮನೆಗೆ ಬಂದು, ಅಕ್ಕನ ಹೆಸರಿನ ಮುಂದೆ ಸೊಟ್ಟ ಗೆರೆ ಎಳೆಯುವವನು ಯಾವ ಸೀಮೆಯ ತಮ್ಮ ಎಂದು ಅತ್ತಳು.

ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸುವ ಸಲಹೆ ನನ್ನದೇ. ಯಾರೂ ಕೇಳಿರಲಿಲ್ಲ. ಹೆಸರು, ಊರು, ಗುರುತು ಎಂದು ಮೂರು ಕಾಲಂ ಮಾಡಿ ಇಂಗ್ಲಿಷ್ ಅಕ್ಷರಗಳಲ್ಲಿ ಎಲ್ಲವನ್ನೂ ಕುಟ್ಟಿದೆ. ಮಾವನ ಹೆಸರನ್ನೂ ಬಿಡಲಿಲ್ಲ. ಆಮೇಲೆ ಮಾವನನ್ನೂ ಹಸನಬ್ಬ ಕಾಕನನ್ನೂ ಬೆನ್ನ ಹಿಂದೆ ನಿಲ್ಲಿಸಿಕೊಂಡು, ನಕ್ಷತ್ರದವರನ್ನು ಸೋಸಿ ತೋರಿಸುತ್ತೇನೆ ಎಂದೆ. ಗುರುತಿನ ಕಾಲಂನಲ್ಲಿ ಒತ್ತಿದಾಗ ಒಂದು ಚಿಕ್ಕ ಕಿಟಕಿ ತೆರೆಯಿತು. ಯಾವ ಗುರುತು ಇರುವ ಸಾಲು ಬೇಕು ಎಂದು ಅದು ಕೇಳಿತು. ನಾನು ನಕ್ಷತ್ರ ಒತ್ತಿದೆ.

“ಅದರ ಕೆಳಗೆ ಸಣ್ಣದಾಗಿ ಎಂತದೋ ಬರೆದದ್ದುಂಟಲ್ಲ, ಅದೆಂತ?” ಎಂದರು ಹಸನಬ್ಬ ಕಾಕ.

“ಅದೆಲ್ಲ ಓದ್ಲಿಕ್ಕೆ ಇರುವುದಲ್ಲ ಕಾಕ” ಎಂದೆ.

ಪರದೆಯ ಮೇಲೆ ಕಾಣುವುದು ಇಪ್ಪತ್ತೋ ಇಪ್ಪತ್ತೈದೋ ಸಾಲು. ಪಟ್ಟಿಯ ಆರಂಭದಲ್ಲಿ ಹತ್ತಿರದ ನೆಂಟರೇ ಇದ್ದುದರಿಂದ ಕಂಡದ್ದೆಲ್ಲ ನಕ್ಷತ್ರವೇ. ಇನ್ನೇನು ಬೇಕು? ಎಲ್ಲರಿಗೂ ನಕ್ಷತ್ರವೇ ಆದಮೇಲೆ ಆ ಕಾಲಂ ಯಾಕೆ ಎಂದು ಅದನ್ನು ಮುಚ್ಚಿ, ಊರಿನ ಪ್ರಕಾರ ವಿಂಗಡಿಸಿ, ಪ್ರಿಂಟು ಕೊಟ್ಟೆ. ಪ್ರಿಂಟರು ಕಿರ್ ಕಿರ್ ಎಂದು ಹೊಡೆಯುತ್ತಲೇ ಇತ್ತು. ಕಾಗದದ ಕಟ್ಟನ್ನು ಕೈಯಲ್ಲಿ ತೂಗಿ ನೋಡಿದ ಮಾವ, ಇಷ್ಟು ಮನೆಗಾ ಎಂದು ಕೇಳಿದರು. ಗುರುತು ಹಾಕಿದ್ದು ನೀವೇ ಅಲ್ವಾ ಮಾವ, ಕಂಪ್ಯೂಟರಿಗೆ ತಪ್ಪು ಮಾಡ್ಲಿಕ್ಕೆ ಬರುವುದಿಲ್ಲ ಎಂದೆ ನಾನು. ಆ ಮಾತು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಹೆಂಗಸರನ್ನು ಕರೆಯಲು ಹೆಂಗಸರೇ ಬೇಕು. ಮಾಮಿಯ ಕಾಲು ಉಳುಕಿದ್ದರಿಂದ ಮಾವನ ಜೊತೆ ಹೊರಟವಳು ನಾನು. ಬಾಡಿಗೆ ಜೀಪಿನಲ್ಲಿ ಮೊದಲು ಪೊಳಲಿಗೆ ಹೋಗಿ ದೇವರಿಗೆ ಕಾರ್ಡು ಇಟ್ಟೆವು. ಅಲ್ಲಿಂದ ಶುರು. ನಮ್ಮ ಕಡೆ ಯಾರ ಮನೆಗೆ ಹೋದರೂ ಮೊದಲು ಬೆಲ್ಲ ಮತ್ತು ನೀರು. ಬೇಡ ಎಂದರೆ ಅವಮಾನ. ಮಧ್ಯಾಹ್ನದ ಹೊತ್ತಿಗೆ ನನ್ನ ಹೊಟ್ಟೆಯೊಳಗೆ ಸಣ್ಣದೊಂದು ಆಲೆಮನೆ ನಡೆಯುತ್ತಿತ್ತು. ಎರಡನೆಯ ದಿನ ಕೊಕ್ಕಡದ ಒಂದು ಮನೆಯಲ್ಲಿ ಯಜಮಾನರು ನಮ್ಮನ್ನು ಕಂಡು ಗಾಬರಿಯಾದರು. ಹತ್ತು ವರ್ಷದ ಹಿಂದೆ ಒಮ್ಮೆ ರಶೀದಿ ಪುಸ್ತಕ ಅಚ್ಚು ಹಾಕಿಸಿದ್ದು ಬಿಟ್ಟರೆ ಅವರಿಗೂ ಮಾವನಿಗೂ ಬೇರೆ ಸಂಬಂಧವಿರಲಿಲ್ಲ. ಅಷ್ಟು ದೂರದಿಂದ ಖುದ್ದು ಬಂದಿರಲ್ಲ ಎಂದು ಅವರ ಕಣ್ಣು ತುಂಬಿತು. ಕುಟುಂಬ ಸಮೇತ ಬರುವುದಾಗಿ ಮಾತು ಕೊಟ್ಟರು. ಹನ್ನೊಂದು ಜನ.

ಮೂರನೆಯ ದಿನ ಬೆಳಿಗ್ಗೆ ಪ್ರೆಸ್ಸಿಗೆ ಹೋದಾಗ ಹಸನಬ್ಬ ಕಾಕ ಒಂದು ಪ್ರೂಫ್ ಕಾಗದ ನನ್ನ ಮುಂದೆ ಹಿಡಿದರು. ಆ ದಿನ ಕಿಟಕಿಯ ಅಡಿಯಲ್ಲಿ ಕಂಡ ಸಾಲುಗಳು ಅವರನ್ನು ನಿದ್ದೆ ಮಾಡಲು ಬಿಟ್ಟಿರಲಿಲ್ಲ. ಕಣ್ಣಲ್ಲಿ ಉಳಿದಿದ್ದ ಅಕ್ಷರಗಳನ್ನು ಅರ್ಥ ಗೊತ್ತಿಲ್ಲದೆಯೇ ಒಂದೊಂದಾಗಿ ಮೊಳೆ ಜೋಡಿಸಿ, ಶಾಯಿ ಹಚ್ಚಿ, ಅಚ್ಚು ತೆಗೆದಿದ್ದರು. ಒಂದಕ್ಷರ ತಪ್ಪಿರಲಿಲ್ಲ. ನಾನು ಓದಿದೆ. ಪ್ರಶ್ನೆಚಿಹ್ನೆ ಎಂದರೆ ಯಾವುದಾದರೂ ಒಂದು ಅಕ್ಷರ, ನಕ್ಷತ್ರ ಎಂದರೆ ಯಾವ ಅಕ್ಷರಗಳಾದರೂ ಎಷ್ಟಾದರೂ ಸರಿ ಎಂದು ಅಲ್ಲಿ ಸ್ಪಷ್ಟವಾಗಿತ್ತು. ಅಂದರೆ ನಾನು ಕೇಳಿದ್ದು ನಕ್ಷತ್ರದವರನ್ನಲ್ಲ, ಏನಾದರೊಂದು ಗುರುತು ಇರುವ ಎಲ್ಲರನ್ನೂ. ‘ಪಿ’ಯವರೂ ಬಂದಿದ್ದರು, ಪ್ರಶ್ನೆಯೂ ಬಂದಿತ್ತು.

ಪ್ರೆಸ್ಸಿನಿಂದ ಓಡಿ ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಮಾವನ ಕಾಲು ಹಿಡಿದು ಎಲ್ಲ ಒಪ್ಪಿಕೊಳ್ಳುತ್ತೇನೆ ಎಂದೆ. ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದ ಅಮ್ಮ ಕೈ ನಿಲ್ಲಿಸಿ ಕೇಳಿದ್ದು ಒಂದೇ ಪ್ರಶ್ನೆ, ವೇಣೂರಿನ ಕಡೆಗೆ ಯಾವತ್ತು ಎಂದು. ನಾಳೆ ಎಂದೆ.

“ಹಾಗಾದ್ರೆ ನಾಳೆಯವರೆಗೆ ಬಾಯಿ ಮುಚ್ಚಿಕೊಂಡು ಇರು. ಸತ್ಯ ಹೇಳ್ಲಿಕ್ಕೆ ಆಮೇಲೆ ಬೇಕಾದಷ್ಟು ದಿನ ಉಂಟು.”

ಜೀವನದಲ್ಲಿ ಒಮ್ಮೆಯೂ ಸುಳ್ಳು ಹೇಳಬಾರದು ಎಂದು ಬೆತ್ತ ಹಿಡಿದು ಕಲಿಸಿದವಳು ಅವಳೇ.

ಮರುದಿನ ಜೀಪು ಮೂಡುಬಿದಿರೆ ದಾಟಿ ವೇಣೂರಿನ ದಾರಿ ಹಿಡಿದಾಗ ನಾನು ಮಾವನ ಮುಖ ನೋಡಲಿಲ್ಲ. ಅವರು ಹಾಳೆ ತಿರುವಿ ಮುಂದಿನ ಹೆಸರು ಓದಿದರು. ಈ ಹೆಸರು ಇಲ್ಲಿ ಹೇಗೆ ಬಂತು ಎಂದರು. ಕಂಪ್ಯೂಟರ್ ಹಾಕಿದ್ದು ಮಾವ ಎಂದೆ. ಕಂಪ್ಯೂಟರ್ ಹಾಕಿದ ಮೇಲೆ ಮುಗಿಯಿತು ಎಂದು ಅವರು ಜೀಪಿನವನಿಗೆ ಎಡಕ್ಕೆ ತಿರುಗಿಸಲು ಹೇಳಿದರು.

ದೊಡ್ಡಮ್ಮ ಅಂಗಳದಲ್ಲಿ ಭತ್ತ ಹರವುತ್ತಿದ್ದಳು. ತಮ್ಮನನ್ನು ನೋಡಿದಳು. ಕೈ ಕೊಡವಿಕೊಂಡು ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳುತ್ತಾಳೆ ಎಂದು ನಾನು ಹೆದರಿದೆ. ಚೊಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ಹಿಡಿದುಕೊಂಡು ಬಂದಳು. ಮಾವ ಎರಡೂ ಕೈಯಲ್ಲಿ ಕಾರ್ಡು ಕೊಟ್ಟರು.

“ಬಸ್ಸಿನಲ್ಲಿ ಕೊಟ್ಟು ಕಳಿಸಿದ್ರೆ ಸಾಕಿತ್ತಲ್ಲ ತಮ್ಮ” ಎಂದಳು ದೊಡ್ಡಮ್ಮ.

“ಖುದ್ದು ಹೋಗ್ಬೇಕು ಅಂತ ಕಂಪ್ಯೂಟರ್ ಹೇಳಿತು ಅಕ್ಕ.”

“ಹೌದಾ. ಅದಕ್ಕಾದ್ರೂ ಮರ್ಯಾದೆ ಗೊತ್ತುಂಟಲ್ಲ.”

ಅಷ್ಟೇ. ಆಮೇಲೆ ಊಟ ಮಾಡದೆ ಹೊರಡಲು ಬಿಡಲಿಲ್ಲ. ಹಿಂದಿನ ಕರೆಯ ವಿಷಯವೂ ಬಂತು. ಆಗ ದೊಡ್ಡಪ್ಪ ಜ್ವರದಲ್ಲಿ ಮಲಗಿದ್ದರಂತೆ, ಮಗ ಊರಲ್ಲಿರಲಿಲ್ಲವಂತೆ, ಕಂಡಕ್ಟರನ ಹತ್ತಿರ ವಿಷಯ ತಿಳಿಸಿ ಕೈಯಲ್ಲೇ ಕೊಡಲು ಹೇಳಿದ್ದಳಂತೆ. ಆ ಪುಣ್ಯಾತ್ಮ ರೈಟ್ ಎಂದದ್ದೊಂದನ್ನೇ ಮುಟ್ಟಿಸಿದ್ದ. ಬೇರೆ ಪ್ರೆಸ್ಸಿನ ಅಚ್ಚಿನ ಬಗ್ಗೆ ಮಾತ್ರ ಇಬ್ಬರೂ ತುಟಿ ಬಿಚ್ಚಲಿಲ್ಲ.

ಮದುವೆಯ ದಿನ ಖುದ್ದು ಕರೆದ ಅಷ್ಟೂ ಮನೆಯವರು ಬಂದರು. ಕೊಕ್ಕಡದ ಹನ್ನೊಂದು ಜನ ಎಲ್ಲರಿಗಿಂತ ಮೊದಲು ಬಂದರು. ಅಡಿಗೆಯವರು ಸಾರಿಗೆ ನೀರು ಸೇರಿಸುತ್ತಲೇ ಹೋದರು. ಅಮ್ಮ ತನ್ನ ಅಕ್ಕನ ಮತ್ತು ತಮ್ಮನ ನಡುವೆ ಕುಳಿತು ಆ ನೀರು ಸಾರನ್ನು ಮೂರು ಸಲ ಬಡಿಸಿಕೊಂಡಳು. ನಾನು ದೂರದಿಂದ ನೋಡಿ ನಗಲಾರದೆ ಅಳಲಾರದೆ ನಿಂತಿದ್ದೆ. ಸತ್ಯ ಹೇಳಲು ಬೇಕಾದಷ್ಟು ದಿನಗಳು ಬಂದವು, ಹೋದವು. ನಾನು ಹೇಳಲಿಲ್ಲ. ಹಸನಬ್ಬ ಕಾಕ ಆ ಪ್ರೂಫನ್ನು ಹರಿದು ಹಾಕಿ, ಯಾರಿಗೂ ಹೇಳದೆಯೇ ತೀರಿಕೊಂಡರು. ದೊಡ್ಡಮ್ಮನೂ ಈಗಿಲ್ಲ.

ಮೊನ್ನೆ ಮಗಳು ಆ ಗೆರೆ ತೋರಿಸಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಸಂಜೆಯೇ ಮಾವನನ್ನು ಒಕ್ಕಲಿಗೆ ಕರೆಯಲು ಹೋದೆ. ಅವರಿಗೀಗ ಎಂಬತ್ತರ ಹತ್ತಿರ, ಸಕ್ಕರೆ ಕಾಯಿಲೆ. ಅದಕ್ಕೆ ನನ್ನ ಕಂಪ್ಯೂಟರೂ ಮುನ್ನೂರು ಮನೆಯ ಬೆಲ್ಲವೂ ಕಾರಣ ಎಂದು ಯಾವಾಗಲೂ ಹೇಳುತ್ತಾರೆ. ಕಾರ್ಡು ಕೊಟ್ಟು, ಕಾಲಿಗೆ ಬಿದ್ದು, ಅಂದಿನ ತಪ್ಪನ್ನೆಲ್ಲ ಒಪ್ಪಿಕೊಂಡೆ. ಮಾವ ಎದ್ದು ಒಳಗೆ ಹೋಗಿ, ಕಪಾಟಿನಿಂದ ಹಳದಿಯಾದ ಒಂದು ಕಾಗದದ ಕಟ್ಟು ತಂದರು. ಬಂಟ್ವಾಳದ ಹಾಳೆ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. ಖುದ್ದು ಕರೆಯಬೇಕಾದವರ ನಡುವೆ ಅವರದ್ದೇ ಹೆಸರಿತ್ತು. ನಾನು ಕುಟ್ಟಿದ್ದು, ನಾನೇ ಪ್ರಿಂಟು ತೆಗೆದದ್ದು, ನಾನು ಓದದೇ ಇದ್ದದ್ದು.

“ನನ್ನನ್ನೇ ಹೋಗಿ ಕರಿ ಅಂತ ಹೇಳುವ ಪಟ್ಟಿ ಸರಿ ಇರ್ತದಾ ಮಾರಾಯ್ತಿ? ಮೊದಲ ದಿನವೇ ಗೊತ್ತಾಗಿತ್ತು.”

ಮತ್ತೆ ಯಾಕೆ ಮುನ್ನೂರು ಮನೆ ತಿರುಗಿದಿರಿ ಎಂದು ಕೇಳಿದೆ.

“ಅಕ್ಕನ ಮನೆಗೆ ಒಂದಕ್ಕೇ ಹೋದ್ರೆ ಸೋತ ಹಾಗೆ. ಮುನ್ನೂರು ಮನೆಯ ನಡುವೆ ಹೋದ್ರೆ ಅದು ಬರೀ ಕೆಲಸ.”

ಆ ಸಾಲಿನ ಪಕ್ಕದಲ್ಲಿ ಟಿಕ್ ಹಾಕಿದ ಗುರುತಿತ್ತು. ಕೊನೆಯ ದಿನ ಎಲ್ಲ ಮುಗಿಸಿ ಬಂದು ತನ್ನದೇ ಜಗಲಿಯಲ್ಲಿ ನಿಂತು ಮಾಮಿಯನ್ನು ಕರೆದು ಕಾರ್ಡು ಕೊಟ್ಟರಂತೆ. ಮಾಮಿ ಬೆಲ್ಲ ನೀರು ತಂದಳಂತೆ. ಯಾಕೆ ಎಂದು ಅವಳು ಕೇಳಲೂ ಇಲ್ಲವಂತೆ. ನಾನು ನಗಲು ಹೋದೆ, ಆದರೆ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ನನ್ನ ತಪ್ಪು ಎಂದು ಹೊತ್ತುಕೊಂಡಿದ್ದನ್ನು ಅವರು ಅಷ್ಟೂ ವರ್ಷ ಜೋಪಾನವಾಗಿ ಕಪಾಟಿನಲ್ಲಿಟ್ಟಿದ್ದರು.

ಈಗ ನನ್ನದೊಂದು ವಿಷಯ ಹೇಳಬೇಕು. ನಮ್ಮ ಒಕ್ಕಲಿನ ಪಟ್ಟಿಯಲ್ಲೂ ಒಂದೇ ಒಂದು ಪ್ರಶ್ನೆಚಿಹ್ನೆ ಇದೆ. ಮೂಡುಬಿದಿರೆಯ ವಾರಿಜ, ನನ್ನ ಜೊತೆ ಕಂಪ್ಯೂಟರ್ ಕಲಿತವಳು, ಇಪ್ಪತ್ತೈದು ವರ್ಷದ ಗೆಳತಿ. ಕಳೆದ ವರ್ಷ ಮಗಳ ಮದುವೆಗೆ ನನ್ನನ್ನು ವಾಟ್ಸಾಪಿನಲ್ಲಿ ಕರೆದಳು. ಅದರಲ್ಲೂ ನೂರೆಂಟು ಜನರಿಗೆ ಕಳಿಸಿದ್ದನ್ನೇ ನನಗೂ ತಳ್ಳಿದ್ದಳು. ನಾನು ಹೋಗಲಿಲ್ಲ.

ಮನೆಗೆ ಬಂದು ಮಗಳಿಗೆ ಆ ಬಳುಕು ಗೆರೆ ತೆಗೆದುಬಿಡು, ಬರೀ ನಕ್ಷತ್ರ ಹಾಕಿ ಹುಡುಕು ಎಂದೆ. ಹಾಗೆ ಮಾಡಿದರೆ ಎಲ್ಲರೂ ಬರುತ್ತಾರಲ್ಲ ಎಂದು ಅವಳು ಮತ್ತೆ ಪಾಠ ಶುರುಮಾಡಿದಳು. ಪ್ರಿಂಟು ಕೊಡು ಎಂದೆ. ಕೊನೆಯ ಸಾಲಿನಲ್ಲಿ, ಇಡಲಿಕ್ಕೆ ಐದು ಎಂದು ನಾನೇ ಬರೆಸಿದ್ದ ನನ್ನ ಹೆಸರೂ ಬಂತು.

ನಾಳೆ ಬೆಳಿಗ್ಗೆ ಮೂಡುಬಿದಿರೆಯ ಬಸ್ಸು ಹಿಡಿಯುತ್ತೇನೆ. ನನ್ನ ಮನೆಗೆ ಕೊನೆಯಲ್ಲಿ ಹೋದರಾಯಿತು.